ಆಕ್ಸಿಜನ್ ಸೆನ್ಸರಿನ ಮಂದಗತಿ ಮತ್ತು ಅದರ ಪರೀಕ್ಷೆ

ಕಲಾ ವಿಭಾಗದ ವಿದ್ಯಾರ್ಥಿಗೆ ಕಾರಿನ ಹೊಗೆಯ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಉಳಿದವರದೆಲ್ಲ ಕೈಕಸುಬಿನ ವಿದ್ಯೆ. ರಜೆಯಲ್ಲಿ ಸೋದರಮಾವನವರ ಗ್ಯಾರೇಜಿನಲ್ಲಿ ದುಡಿಯುತ್ತ ಕಲಿತ ಒಂದು ವಿಷಯವನ್ನು ಇಲ್ಲಿ ಯಥಾಮತಿ ನಿವೇದಿಸುತ್ತೇನೆ.

ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಅದರ ತೂಕದ ೧೪.೭ರಷ್ಟು ಗಾಳಿ ಬೇಕು. ಈ ಪ್ರಮಾಣವನ್ನು ಕಾಯುವುದಕ್ಕಾಗಿಯೇ ಹೊಗೆಕೊಳವೆಯಲ್ಲಿ ಆಕ್ಸಿಜನ್ ಸೆನ್ಸರನ್ನು ಕೂರಿಸಿರುತ್ತಾರೆ. ೧೯೭೬ರಲ್ಲಿ ಬಾಷ್ ಕಂಪನಿಯ ಈ ಸಾಧನವು ವೋಲ್ವೋ ಕಾರುಗಳಲ್ಲಿ ಮೊದಲು ಬಳಕೆಗೆ ಬಂದಿತು. ಅದರೊಳಗಿನ ಜಿರ್ಕೋನಿಯಾ ಪಿಂಗಾಣಿಯ ಒಂದು ಮಗ್ಗುಲಿಗೆ ಹೊಗೆ, ಇನ್ನೊಂದು ಮಗ್ಗುಲಿಗೆ ಹೊರಗಿನ ಗಾಳಿ. ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡಿಗೆ ಕಾದ ಮೇಲೆ, ಎರಡು ಕಡೆಯ ಆಮ್ಲಜನಕದ ಅಂತರದಿಂದ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪೆಟ್ರೋಲು ಹೆಚ್ಚಾದರೆ ೦.೯ ವೋಲ್ಟಿನ ಆಸುಪಾಸು. ಗಾಳಿ ಹೆಚ್ಚಾದರೆ ೦.೧ರ ಆಸುಪಾಸು. ಇದನ್ನು ನೋಡಿಕೊಂಡು ಇಂಜಿನಿನ ಕಂಪ್ಯೂಟರು ಪೆಟ್ರೋಲನ್ನು ಕ್ಷಣಕ್ಷಣವೂ ಹೆಚ್ಚು ಕಡಿಮೆ ಮಾಡುತ್ತದೆ.

ಪೂರ್ತಿ ಕೆಟ್ಟ ಸೆನ್ಸರನ್ನು ಗುರುತಿಸುವುದು ಸುಲಭ. ಮಂದವಾದದ್ದು ಹಾಗಲ್ಲ, ಅದು ಸುಳ್ಳು ಹೇಳುವುದಿಲ್ಲ, ನಿಜವನ್ನೇ ತಡವಾಗಿ ಹೇಳುತ್ತದೆ. ಹಳೆಯ ಸುದ್ದಿಯನ್ನು ನಂಬಿದ ಕಂಪ್ಯೂಟರು ಒಮ್ಮೆ ಅತಿಯಾಗಿ ಸುರಿಯುತ್ತದೆ, ಒಮ್ಮೆ ಅತಿಯಾಗಿ ಬಿಗಿಹಿಡಿಯುತ್ತದೆ. ಮೈಲೇಜು ಇಳಿಯಬಹುದು, ವಿಷಾನಿಲಗಳನ್ನು ತೊಡೆಯಬೇಕಾದ ಕ್ಯಾಟಲಿಟಿಕ್ ಕನ್ವರ್ಟರಿನ ಕೆಲಸವೂ ಕೆಡುತ್ತದೆ. ಆಗ ಚಾಲಕನ ಮುಂದೆ ದೀಪ ಹೊತ್ತಿಕೊಳ್ಳುತ್ತದೆ. ಸ್ಕ್ಯಾನರಿನಲ್ಲಿ ಪಿ ೦೧೩೩ ಎಂಬ ಸಂಕೇತ ಕಾಣುತ್ತದೆ.

ಸಂಕೇತ ಕಂಡೊಡನೆ ಸೆನ್ಸರನ್ನೇ ಬದಲಾಯಿಸುವವರುಂಟು. ಆದರೆ ಸಂಕೇತವು ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ. ಸೆನ್ಸರಿನ ಮುಂದೆ ಸೈಲೆನ್ಸರ್ ಪೈಪಿನ ಗ್ಯಾಸ್ಕೆಟ್ಟು ಸೀಳಿದ್ದರೆ ಹೊರಗಾಳಿ ಒಳನುಗ್ಗಿ ಲೆಕ್ಕ ತಪ್ಪಿಸುತ್ತದೆ. ಇಂಜಿನ್ ಗಾಳಿ ಎಳೆಯುವ ಕಡೆ ರಬ್ಬರ್ ಪೈಪು ಬಿರಿದಿರಬಹುದು, ವೈರು ಸುಟ್ಟಿರಬಹುದು, ಸೆನ್ಸರನ್ನು ಕಾಯಿಸುವ ಹೀಟರು ಕೆಟ್ಟಿರಬಹುದು. ಇವನ್ನು ನೋಡದೆ ಸೆನ್ಸರ್ ಬದಲಾಯಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇವೆಲ್ಲ ಸರಿಯಿದ್ದರೆ ಪರೀಕ್ಷೆಗೆ ತೊಡಗಬೇಕು. ಇಂಜಿನನ್ನು ಚೆನ್ನಾಗಿ ಕಾಯಿಸಿ, ನಿಮಿಷಕ್ಕೆ ೨೦೦೦ ರಿಂದ ೨೫೦೦ ಸುತ್ತಿನಲ್ಲಿ ನಿಲ್ಲಿಸಿ, ವೋಲ್ಟಿನ ಏರಿಳಿತವನ್ನು ಆಸಿಲೋಸ್ಕೋಪಿನಲ್ಲಿ ನೋಡಬೇಕು. ಕೆಲವು ಸ್ಕ್ಯಾನರುಗಳು ತಾವೇ ನಿಧಾನವಾದ್ದರಿಂದ ಅವುಗಳನ್ನೇ ನೆಚ್ಚುವಂತಿಲ್ಲ. ಬಳಿಕ ಗಾಳಿಯ ದಾರಿಗೆ ತುಸು ಪ್ರೊಪೇನ್ ಅನಿಲ ಬಿಟ್ಟರೆ ವೋಲ್ಟು ಥಟ್ಟನೆ ಏರಬೇಕು. ವ್ಯಾಕ್ಯೂಮ್ ಪೈಪೊಂದನ್ನು ಕಳಚಿದರೆ ಥಟ್ಟನೆ ಇಳಿಯಬೇಕು. ಒಳ್ಳೆಯ ಸೆನ್ಸರಿಗೆ ಈ ಜಿಗಿತಕ್ಕೆ ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಗೆರೆ ಗೋಡೆಯಂತೆ ನೆಟ್ಟಗೆ ಏಳದೆ ಗುಡ್ಡದ ಇಳಿಜಾರಿನಂತೆ ಓರೆಯಾದರೆ ಸೆನ್ಸರ್ ಮಂದವಾಗಿದೆಯೆಂದೇ ತಿಳಿಯಬೇಕು. ಕೆಲವು ಹೊಸ ಕಾರುಗಳ ವೈಡ್‌ಬ್ಯಾಂಡ್ ಸೆನ್ಸರಿಗೆ ಈ ವೋಲ್ಟಿನ ಲೆಕ್ಕ ಸಲ್ಲದು.

ಮಂದವಾದುದಕ್ಕೂ ಕಾರಣವುಂಟು. ಸಿಲಿಕೋನ್ ಅಂಟಿನ ಆವಿ, ಇಂಜಿನ್ನಿನಲ್ಲಿ ಉರಿದ ಆಯಿಲ್ಲಿನ ಬೂದಿ, ಸೋರಿದ ಕೂಲೆಂಟು ಪಿಂಗಾಣಿಯ ಮೇಲೆ ಪದರ ಕಟ್ಟುತ್ತವೆ. ಮೂಲವನ್ನು ಸರಿಪಡಿಸದಿದ್ದರೆ ಹೊಸ ಸೆನ್ಸರಿಗೂ ಅದೇ ಗತಿ.

ಸಾಲದ ಕಂತು ಕಟ್ಟುತ್ತಿರುವ ಟ್ಯಾಕ್ಸಿ ಚಾಲಕನಿಗೆ ಬೇಡದ ಒಂದು ಬಿಡಿಭಾಗವೆಂದರೆ ಹಲವು ದಿನಗಳ ದುಡಿಮೆ. ಅರ್ಧ ಗಂಟೆಯ ಪರೀಕ್ಷೆ ಅದನ್ನು ಉಳಿಸಬಲ್ಲದು. ಕಾರಣವನ್ನು ವಿಚಾರಿಸಿದ ಮೇಲೆಯೇ ತೀರ್ಪು ಕೊಡಬೇಕೆಂದು ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಓದುತ್ತೇವೆ. ಗ್ರೀಸು ಹತ್ತಿದ ಕೈಗಳು ಅದನ್ನು ದಿನವೂ ಆಚರಿಸುತ್ತಿವೆ.