ಸವಾರಿ ನಿನ್ನ ಖರ್ಚಿನದು, ಕಾಣಿಕೆ ಪ್ರಾಣಿಗಳದು

ಪುಟ್ಟಿ,

ಬೆಂಗಳೂರಿನಿಂದ ಮಂಗಳೂರಿಗೆ ಸೈಕಲ್ ತುಳಿದುಕೊಂಡು ಹೋಗಿ, ಬೀದಿ ಪ್ರಾಣಿಗಳನ್ನು ಸಾಕುವ ಆಶ್ರಯವೊಂದಕ್ಕೆ ಹಣ ಕೂಡಿಸಬೇಕೆಂದಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಅವನ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ಭಯ. ನನಗಂತೂ ಖುಷಿಯಾಯಿತು. ಹಾಸನ ಜಿಲ್ಲೆಯ ಹಳ್ಳಿಹಳ್ಳಿ ತಿರುಗಿ ಪಶುವೈದ್ಯನಾಗಿ ದುಡಿದವನು ನಾನು. ಮೊದಮೊದಲು ಔಷಧಿ ಚೀಲ ಕಟ್ಟಿಕೊಂಡು ತಿರುಗಿದ್ದು ಸೈಕಲ್ಲಿನಲ್ಲೇ. ರಸ್ತೆಯ ವಿಚಾರವೂ ಪ್ರಾಣಿಗಳ ಕಷ್ಟವೂ ಅಷ್ಟಿಷ್ಟು ಗೊತ್ತಿರುವ ದೊಡ್ಡಪ್ಪನಾಗಿ ಕೆಲವು ಮಾತು ಹೇಳುತ್ತೇನೆ. ಹೊರಡುವ ಮುಂಚೆ ಒಮ್ಮೆ ನಿಧಾನವಾಗಿ ಓದಮ್ಮ.

ಮೊದಲು ದುಡ್ಡಿನ ಮಾತು. ಸವಾರಿಯ ಖರ್ಚೇ ಬೇರೆ, ಪ್ರಾಣಿಗಳ ಹಣವೇ ಬೇರೆ. ಟೈರು, ಹೆಲ್ಮೆಟ್ಟು, ದಾರಿಯ ಊಟ, ಲಾಡ್ಜಿನ ಬಾಡಿಗೆ, ಸೈಕಲ್ ಹಾಕಿಕೊಂಡು ವಾಪಸ್ ಬರುವ ಬಸ್ಸಿನ ಚಾರ್ಜು, ಎಲ್ಲವೂ ನಿನ್ನ ಸಂಬಳದಿಂದ ಹೋಗಲಿ. ಜನ ಕೊಟ್ಟದ್ದರಲ್ಲಿ ಒಂದು ಲೋಟ ಕಾಫಿಯನ್ನೂ ಕುಡಿಯಬೇಡ. ದೇವರ ಹುಂಡಿಗೆ ಬಿದ್ದ ದುಡ್ಡನ್ನು ಹೇಗೆ ಮುಟ್ಟುವುದಿಲ್ಲವೋ ಹಾಗೆ. ‘ಇವಳ ಪ್ರವಾಸಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು’ ಎಂಬ ಪ್ರಶ್ನೆ ಕೊಡುವವರ ಮನಸ್ಸಿನಲ್ಲಿ ಎದ್ದೇ ಏಳುತ್ತದೆ. ಸಂಕೋಚಕ್ಕೆ ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೆ. ಕೇಳುವ ಮೊದಲೇ ನೀನು ಉತ್ತರ ಹೇಳಿಬಿಟ್ಟರೆ ಅವರ ಕೈಯೂ ಸಲೀಸಾಗಿ ಬಿಚ್ಚುತ್ತದೆ, ನಿನ್ನ ತಲೆಯೂ ಹಗುರವಾಗಿರುತ್ತದೆ.

ಹಣ ಕೇಳಲು ಹೊರಡುವ ಮುನ್ನ ಆ ಆಶ್ರಯಕ್ಕೆ ಹೋಗಿ ಒಂದು ಇಡೀ ದಿನ ಇದ್ದು ಬಾ. ಬೆಳಗ್ಗೆ ಗೂಡು ತೊಳೆಯುವ ಹೊತ್ತಿಗೇ ಹೋಗು. ಕಿವಿಯ ಬುಡದ ಗಾಯದಲ್ಲಿ ಹುಳ ಬಿದ್ದ ನಾಯಿಯೊಂದನ್ನು ಯಾರಾದರೂ ತಂದೇ ತರುತ್ತಾರೆ. ದೂರದಿಂದಲೇ ವಾಸನೆ. ಬಾಯಿಗೆ ಪಟ್ಟಿ ಕಟ್ಟಿ ಒಬ್ಬರು ತಲೆ ಹಿಡಿದುಕೊಂಡರೆ, ಇನ್ನೊಬ್ಬರು ಟರ್ಪಂಟೈನ್ ಎಣ್ಣೆಯ ಹತ್ತಿಯನ್ನು ಗಾಯಕ್ಕೆ ಇಡುತ್ತಾರೆ. ಒಳಗೆ ಸೇರಿಕೊಂಡ ಹುಳಗಳು ಉಸಿರು ಕಟ್ಟಿ ಒಂದೊಂದಾಗಿ ಮೇಲೆ ಬರುತ್ತವೆ; ಚಿಮಟದಲ್ಲಿ ಹೆಕ್ಕಿ ಹೆಕ್ಕಿ ತೆಗೆಯಬೇಕು. ಅವತ್ತಿಗೇ ಮುಗಿಯುವ ಕೆಲಸವಲ್ಲ, ಆಳದಲ್ಲಿ ಉಳಿದದ್ದು ಮರುದಿನ ಕಾಣಿಸುತ್ತದೆ. ಗಾಯ ಮಾಯುವ ತನಕ ದಿನಾ ತೊಳೆದು ಮದ್ದು ಹಾಕುತ್ತಲೇ ಇರಬೇಕು. ಪಕ್ಕದ ಗೂಡಿನಲ್ಲಿ ಪಾರ್ವೋ ರೋಗ ಬಂದ ನಾಯಿಮರಿ ರಕ್ತಭೇದಿಯಿಂದ ಸೊರಗಿ ಮಲಗಿರುತ್ತದೆ. ಅದಕ್ಕೆ ದಿನಗಟ್ಟಲೆ ಡ್ರಿಪ್ ಹಾಕಬೇಕು, ಬೇರೆ ಮರಿಗಳಿಗೆ ಅಂಟದಂತೆ ದೂರ ಇಡಬೇಕು.

ಇದನ್ನೆಲ್ಲ ಕಣ್ಣಾರೆ ಕಂಡ ಮೇಲೆ ದುಡ್ಡು ಎಲ್ಲಿ ಬೇಕೆಂದು ನಿನಗೇ ಗೊತ್ತಾಗುತ್ತದೆ. ಆಪರೇಷನ್ನಿನ ಫೋಟೊ ನೋಡಿ ಕೊಡುವವರು ಸಿಗುತ್ತಾರೆ. ನಾಯಿಯ ತಲೆ ಹಿಡಿದು ಕೂತವನ ಸಂಬಳಕ್ಕೆ, ಫಿನಾಯಿಲಿಗೆ, ಅಕ್ಕಿಗೆ, ಆಂಬುಲೆನ್ಸಿನ ಡೀಸೆಲ್ಲಿಗೆ, ಕರೆಂಟ್ ಬಿಲ್ಲಿಗೆ ಕೊಡುವವರು ಕಡಿಮೆ. ಆಶ್ರಯಗಳು ಬಡವಾಗುವುದು ಅಲ್ಲೇ. ಆದ್ದರಿಂದ ‘ನಿಮಗೆ ಈ ವರ್ಷ ಯಾವುದಕ್ಕೆ ಕೈ ಕಟ್ಟಿದೆ?’ ಎಂದು ಅಲ್ಲಿ ಹೊಣೆ ಹೊತ್ತವರನ್ನೇ ಕೇಳು. ಅವರು ಹೇಳಿದ್ದನ್ನೇ ನಿನ್ನ ಗುರಿಯಾಗಿ ಇಟ್ಟುಕೊ. ‘ಪ್ರಾಣಿಗಳಿಗಾಗಿ’ ಎಂದಷ್ಟೇ ಕೇಳಿದರೆ ಜನ ಹೂಂಗುಟ್ಟಿ ಮರೆಯುತ್ತಾರೆ. ‘ಆರು ತಿಂಗಳು ಇಬ್ಬರು ಸಹಾಯಕರ ಸಂಬಳಕ್ಕೆ’ ಎಂದರೆ ಲೆಕ್ಕ ಹಾಕಿ ಕೊಡುತ್ತಾರೆ.

ಹಣ ನಿನ್ನ ಫೋನಿನ ಯುಪಿಐಗೆ ಬರುವುದು ಬೇಡ. ನೇರವಾಗಿ ಆ ಟ್ರಸ್ಟಿನ ಬ್ಯಾಂಕ್ ಖಾತೆಗೇ ಹೋಗಲಿ, ರಸೀದಿಯನ್ನೂ ಅವರೇ ಕೊಡಲಿ. ಟ್ರಸ್ಟು ನೋಂದಣಿಯಾಗಿದೆಯೇ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇದೆಯೇ, ವರ್ಷವರ್ಷ ಲೆಕ್ಕ ತಪಾಸಣೆ ಮಾಡಿಸುತ್ತಾರೆಯೇ, ಕೇಳಿ ನೋಡು. ಕೇಳಿದರೆ ಒಳ್ಳೆಯ ಸಂಸ್ಥೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಈ ಮಂಡಳಿ ಹುಟ್ಟಿದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಿಂದ. ಆ ಕಾಯ್ದೆಗಾಗಿ ರಾಜ್ಯಸಭೆಯಲ್ಲಿ ದನಿ ಎತ್ತಿದವರು ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್. 1962ರಲ್ಲಿ ಮಂಡಳಿ ಶುರುವಾದಾಗ ಅದರ ಮೊದಲ ಅಧ್ಯಕ್ಷೆಯೂ ಅವರೇ. ನಮ್ಮ ಬೆಂಗಳೂರಿನಲ್ಲಿ ಕ್ಯೂಪಾ ಎಂಬ ಸಂಸ್ಥೆ 1991ರಿಂದ ಪ್ರಾಣಿಗಳನ್ನು ಕಾಯುವ ಕೆಲಸದಲ್ಲಿದೆ. ಈ ದಾರಿಯಲ್ಲಿ ನಿನಗಿಂತ ಮೊದಲು ನಡೆದವರು ಬೇಕಾದಷ್ಟು ಜನ ಇದ್ದಾರೆ, ಅವರ ಅನುಭವ ಕೇಳಿ ತಿಳಿದುಕೊ. ಇನ್ನೊಂದು, ತೆರಿಗೆ ವಿನಾಯಿತಿಯ ರಸೀದಿ ಕೇಳುವವರಿಗೆ ಮೊದಲೇ ಹೇಳು: 2000 ರೂಪಾಯಿ ಮೀರಿದ ಕಾಣಿಕೆಯನ್ನು ನಗದಾಗಿ ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ.

ಈಗ ನಾನು ಬಹಳ ಯೋಚಿಸಿ ಹೇಳುವ ಮಾತು. ಕಿಲೋಮೀಟರಿಗೆ ಇಷ್ಟು ಅಂತ ಮಾತು ತೆಗೆದುಕೊಳ್ಳುವ ರೂಢಿ ಇದೆ. ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಒಬ್ಬರು ಕಿಲೋಮೀಟರಿಗೆ ಹತ್ತು ರೂಪಾಯಿ ಅಂದರೆ ಮೂರೂವರೆ ಸಾವಿರ. ಕೇಳಲು ಚೆಂದ. ಆದರೆ ನೀನು ಊರು ಮುಟ್ಟಿದರೆ ಮಾತ್ರ ಹಣ ಎಂಬ ಕರಾರು ಬೇಡವೇ ಬೇಡ. ಮಂಡಿ ಹಿಡಿದುಕೊಂಡಾಗ, ಘಟ್ಟದಲ್ಲಿ ಮಳೆ ಹೊಡೆಯುವಾಗ, ‘ನಾನು ಇಳಿದುಬಿಟ್ಟರೆ ನಾಯಿಮರಿಗಳ ಔಷಧಿ ತಪ್ಪುತ್ತದೆ’ ಎಂಬ ಭಾರ ತಲೆಯ ಮೇಲಿದ್ದರೆ ಮನುಷ್ಯ ಮಾಡಬಾರದ ಸಾಹಸ ಮಾಡುತ್ತಾನೆ. ‘ನಾನು ಹೊರಟ ದಿನವೇ ನಿಮ್ಮ ಹಣ ಪ್ರಾಣಿಗಳದು, ಎಲ್ಲಿ ನಿಂತರೂ ಸರಿ’ ಎಂದು ಹೇಳಿಯೇ ಕೇಳು. ಬಸ್ ಹತ್ತಬೇಕಾಗಿ ಬಂದರೆ ಧೈರ್ಯವಾಗಿ ಹತ್ತು.

ದಾರಿಯ ವಿಚಾರ. ಮಳೆಗಾಲದಲ್ಲಿ ಹೊರಡಬೇಡ. ಶಿರಾಡಿ ಘಟ್ಟದಲ್ಲಿ ಗುಡ್ಡ ಕುಸಿಯುವುದು, ರಸ್ತೆ ಮುಚ್ಚುವುದು ಆಗಾಗ ಇದ್ದದ್ದೇ. ಡಿಸೆಂಬರ್, ಜನವರಿ ಒಳ್ಳೆಯದು. ಬೀದಿ ನಾಯಿಗಳು ಹೆಚ್ಚಾಗಿ ಮರಿ ಹಾಕುವುದೂ ಚಳಿಗಾಲದಲ್ಲೇ. ಆಶ್ರಯಗಳಿಗೆ ಖರ್ಚು ಏರುವ ಹೊತ್ತಿಗೇ ನಿನ್ನ ಹಣ ಸೇರಿದಂತಾಗುತ್ತದೆ. ಮೂರು ದಿನ ಇಟ್ಟುಕೊ. ಮೊದಲ ದಿನ ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್ ದಾಟಿ ಚನ್ನರಾಯಪಟ್ಟಣ. ಎರಡನೆಯ ದಿನ ಹಾಸನದ ಮೇಲೆ ಸಕಲೇಶಪುರ. ಅದು ದೂರ ಕಡಿಮೆಯ ದಿನ, ಬೇಕೆಂದೇ ಹಾಗೆ ಇಟ್ಟಿದ್ದೇನೆ. ಹಾಸನದಲ್ಲಿ ನಮ್ಮ ಮನೆಯಲ್ಲಿ ಊಟ ಮಾಡಿಕೊಂಡೇ ಮುಂದೆ ಹೋಗಬೇಕು, ದೊಡ್ಡಮ್ಮ ಈಗಲೇ ಹೇಳಿಟ್ಟಿದ್ದಾಳೆ. ಮೂರನೆಯ ದಿನ ಘಟ್ಟ ಇಳಿದು ಉಪ್ಪಿನಂಗಡಿ, ಬಿ.ಸಿ. ರೋಡ್, ಮಂಗಳೂರು.

ಸಕಲೇಶಪುರದಲ್ಲಿ ತಂಗುವುದಕ್ಕೆ ಕಾರಣ ಇದೆ. ದಣಿದ ಕೈಯಲ್ಲಿ ಘಟ್ಟ ಇಳಿಯಬಾರದು. ಹತ್ತುವಾಗ ಕಾಲಿಗೆ ಕಷ್ಟ, ಇಳಿಯುವಾಗ ಜೀವಕ್ಕೆ ಕಷ್ಟ. ಬ್ರೇಕ್ ಒಂದೇ ಸಮನೆ ಹಿಡಿದುಕೊಂಡೇ ಇರಬೇಡ, ಕಾದುಹೋಗುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿ. ತಿರುವಿಗೆ ಮುಂಚೆಯೇ ವೇಗ ತಗ್ಗಿಸು. ಹಿಂದಿನಿಂದ ಟ್ಯಾಂಕರ್ ಬಂದರೆ ಪೈಪೋಟಿ ಬೇಡ, ಜಾಗ ಇರುವ ಕಡೆ ಪಕ್ಕಕ್ಕೆ ನಿಂತು ದಾರಿ ಬಿಡು. ಆಲೂರು, ಸಕಲೇಶಪುರದ ಕಾಫಿ ತೋಟಗಳ ಸುತ್ತ ಆನೆಗಳು ಓಡಾಡುತ್ತವೆ. ಮಂಜು ಕವಿದ ನಸುಕಿನಲ್ಲಿ ಹೊರಡದೆ, ಬಿಸಿಲು ಬಂದ ಮೇಲೆ ಊರಿನವರನ್ನು ಕೇಳಿಕೊಂಡು ಹೊರಡು. ಘಟ್ಟದ ಬುಡದ ಗುಂಡ್ಯ ದಾಟಿದ ಮೇಲೆ ಸೆಕೆ, ಬೆವರು ಧಾರೆಯಾಗಿ ಹರಿಯುತ್ತದೆ. ಬರೀ ನೀರು ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ಓಆರ್‌ಎಸ್ ಕುಡಿ. ಬಾಯಾರುವುದಕ್ಕೆ ಕಾಯಬೇಡ.

ತಯಾರಿಗೆ ಮೂರು ತಿಂಗಳಾದರೂ ಬೇಕು. ವಾರದಲ್ಲಿ ಎರಡು ಸಣ್ಣ ಸವಾರಿ, ಭಾನುವಾರ ಒಂದು ದೊಡ್ಡದು. ಬೆಂಗಳೂರಿನ ಸೈಕಲ್ ಹುಡುಗರೆಲ್ಲ ಬೆಳಗಿನ ಜಾವ ನಂದಿ ಬೆಟ್ಟ ಹತ್ತುತ್ತಾರೆ, ಅವರ ಜೊತೆ ಸೇರಿಕೊ. ಸೀಟಿನ ಎತ್ತರ ಸರಿ ಮಾಡಿಸಿಕೊ, ಅರ್ಧಕ್ಕರ್ಧ ಮಂಡಿನೋವು ಅಲ್ಲೇ ಹೋಗುತ್ತದೆ. ಪಂಕ್ಚರ್ ಹಾಕುವುದನ್ನು, ಚೈನು ಕೂರಿಸುವುದನ್ನು ನಿನ್ನ ಕೈಯಲ್ಲೇ ಮಾಡಿ ಕಲಿ. ಒಬ್ಬಳೇ ಹೋಗಬೇಡ, ಜೊತೆಗೆ ಒಬ್ಬರಾದರೂ ಇರಲಿ. ಹೊಸ ಬಟ್ಟೆ, ಹೊಸ ಶೂ ಹಾಕಿಕೊಂಡು ದೂರದ ಸವಾರಿಗೆ ಹೊರಡಬೇಡ.

ಇನ್ನು ದಾರಿಯಲ್ಲಿ ಸಿಗುವ ಪ್ರಾಣಿಗಳು. ನಾಯಿ ಅಟ್ಟಿಸಿಕೊಂಡು ಬಂದೇ ಬರುತ್ತದೆ. ಓಡುವುದನ್ನು ಕಂಡರೆ ಅಟ್ಟುವುದು ಅದರ ಜಾಯಮಾನ. ವೇಗ ಹೆಚ್ಚಿಸಬೇಡ, ಕಾಲಿನಿಂದ ಒದೆಯಬೇಡ. ನಿಲ್ಲಿಸಿ ಇಳಿ, ಸೈಕಲ್ಲನ್ನು ನಿನಗೂ ಅದಕ್ಕೂ ನಡುವೆ ಇಟ್ಟುಕೊಂಡು ನಿಧಾನವಾಗಿ ನಡೆ. ಬಹಳಷ್ಟು ನಾಯಿಗಳು ಅಷ್ಟಕ್ಕೇ ಸುಮ್ಮನಾಗುತ್ತವೆ. ಅಪ್ಪಿತಪ್ಪಿ ಕಚ್ಚಿದರೆ, ಹಲ್ಲು ತಾಗಿ ಗೀರಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆ. ಅರಿಸಿನ, ಸುಣ್ಣ, ಖಾರದಪುಡಿ ಯಾರು ಹೇಳಿದರೂ ಹಚ್ಚಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊ, ಡಾಕ್ಟರ್ ಹೇಳಿದ ಅಷ್ಟೂ ಡೋಸು ಮುಗಿಸು. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ. ಲಕ್ಷಣ ಕಾಣುವ ಮೊದಲೇ ಪಡೆದ ಚಿಕಿತ್ಸೆಯೊಂದೇ ಕಾಯುವುದು. ಆಶ್ರಯದಲ್ಲಿ ಕೆಲಸ ಮಾಡುವ ಮನಸ್ಸಿದ್ದರೆ ಕಚ್ಚಿಸಿಕೊಳ್ಳುವ ಮುಂಚೆಯೇ ಕೊಡುವ ಲಸಿಕೆಯೂ ಇದೆ, ಡಾಕ್ಟರನ್ನು ಕೇಳಿ ಈಗಲೇ ಹಾಕಿಸಿಕೊ.

ಗಾಡಿ ಬಡಿದು ಬಿದ್ದ ಪ್ರಾಣಿ ಸಿಕ್ಕರೆ ಮೊದಲು ನಿನ್ನ ಜೀವ ನೋಡಿಕೊ. ಹೆದ್ದಾರಿಯ ನಡುವೆ ನುಗ್ಗಬೇಡ. ನೋವಿನಲ್ಲಿರುವ ಪ್ರಾಣಿ ಎಷ್ಟೇ ಸಾಧುವಾದರೂ ಕಚ್ಚುತ್ತದೆ. ಟವೆಲ್ಲೋ ಗೋಣಿಚೀಲವೋ ಹೊದಿಸಿ, ಬೆನ್ನುಮೂಳೆ ಬಾಗದಂತೆ ಹಲಗೆಯ ಮೇಲೆ ಸರಿಸು. ಬಾಯಿಗೆ ನೀರು ಹೊಯ್ಯಬೇಡ, ಶ್ವಾಸಕೋಶಕ್ಕೆ ಹೋದೀತು. ದನಕರುಗಳಾದರೆ 1962ಕ್ಕೆ ಫೋನ್ ಮಾಡು, ಅದು ಸಂಚಾರಿ ಪಶುಚಿಕಿತ್ಸಾಲಯದ ಸಂಖ್ಯೆ. ನಿನ್ನ ದಾರಿಯ ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆ ಎಲ್ಲಿದೆ ಎಂದು ಹೊರಡುವ ಮೊದಲೇ ಬರೆದಿಟ್ಟುಕೊ.

ಇನ್ನು, ದಾರಿಬದಿಗೆ ಎಸೆಯುವ ಪ್ಲಾಸ್ಟಿಕ್ಕಿನ ಬಗ್ಗೆ ನನಗೆ ತಡೆಯಲಾರದಷ್ಟು ಸಂಕಟವಿದೆ. ಮೇವು ಬಿಟ್ಟು ಹೊಟ್ಟೆ ಉಬ್ಬಿದ ಹಸುವನ್ನು ನಿಲ್ಲಿಸಿಕೊಂಡೇ, ಎಡ ಪಕ್ಕೆಯ ಹಿಂದಿನ ತಗ್ಗಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೊಯ್ಯುತ್ತೇವೆ. ಹೊಟ್ಟೆಯ ದೊಡ್ಡ ಚೀಲದೊಳಗೆ ಮೊಣಕೈ ದಾಟುವಷ್ಟು ಕೈ ಹಾಕಿದರೆ ಸಿಗುವುದು ಹುಲ್ಲಲ್ಲ. ಹಾಲಿನ ಕವರು, ಹಗ್ಗ, ತಿಂಡಿ ಪೊಟ್ಟಣ ಎಲ್ಲ ಹೆಣೆದುಕೊಂಡು ಕಲ್ಲಿನಂತಾದ ಉಂಡೆ. ಆ ಪ್ರಾಣಿ ಹೊಟ್ಟೆ ತುಂಬಿಯೂ ಉಪವಾಸವಿರುತ್ತದೆ. ಪ್ರಾಣಿಗಳ ಹೆಸರಿನಲ್ಲಿ ಹೊರಟವರ ಬಿಸ್ಕತ್ತು ಪೊಟ್ಟಣ, ಬಾಟಲಿ ರಸ್ತೆ ಬದಿಯಲ್ಲಿ ಬೀಳಬಾರದು. ಫ್ಲೆಕ್ಸ್ ಬ್ಯಾನರನ್ನಂತೂ ಮಾಡಿಸಲೇಬೇಡ, ಬಟ್ಟೆಯ ಮೇಲೆ ಬರೆಸು. ಕಡಲೆಮಿಠಾಯಿ, ಬಾಳೆಹಣ್ಣು, ತಟ್ಟೆ ಇಡ್ಲಿ ತಿಂದುಕೊಂಡು ಹೋದರೆ ಪೊಟ್ಟಣದ ಗೊಡವೆಯೇ ಇರುವುದಿಲ್ಲ.

ಊರು ಮುಟ್ಟಿದ ದಿನ ಹಾರ, ಫೋಟೊ ಎಲ್ಲ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ನಿನ್ನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ ಮಗಳೇ. ತಿಂಗಳೊಳಗೆ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬ ಲೆಕ್ಕವನ್ನು ಹತ್ತು ರೂಪಾಯಿ ಕೊಟ್ಟವರಿಗೂ ತಲುಪಿಸು. ಆ ಪತ್ರದಲ್ಲೇ ಇನ್ನೊಂದು ಮಾತು ಕೇಳು: ತಿಂಗಳಿಗೆ ನೂರೋ ಇನ್ನೂರೋ ವರ್ಷವಿಡೀ ಕೊಡುವಿರಾ ಎಂದು. ಒಮ್ಮೆಲೇ ಬಂದ ದೊಡ್ಡ ಮೊತ್ತ ಒಂದು ಕಷ್ಟವನ್ನು ದಾಟಿಸುತ್ತದೆ. ತಿಂಗಳು ತಿಂಗಳು ಬರುವ ಸಣ್ಣ ಮೊತ್ತವನ್ನು ನಂಬಿಕೊಂಡೇ ಆಶ್ರಯದವರು ಇನ್ನೊಬ್ಬ ಸಹಾಯಕನನ್ನು ಕೆಲಸಕ್ಕೆ ಇಟ್ಟುಕೊಳ್ಳಬಲ್ಲರು. ದುಡ್ಡು ಕೊಡಲಾಗದವರಿಗೂ ಕೆಲಸವಿದೆ. ತಮ್ಮ ಬೀದಿಯ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೂ ರೇಬೀಸ್ ಲಸಿಕೆಯೂ ಆಗಿದೆಯೇ ನೋಡಲಿ. ಕಿವಿಯ ತುದಿ ಕತ್ತರಿಸಿದ ಗುರುತಿದ್ದರೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಇಲ್ಲದಿದ್ದರೆ ನಗರಪಾಲಿಕೆಗೆ ತಿಳಿಸಿ, ಹಿಡಿಯಲು ಬಂದವರ ಜೊತೆ ನಿಂತು ನೆರವಾಗಲಿ. ದಾರಿಯಲ್ಲಿ ಬೀಳುವ ಮರಿಗಳ ಸಂಖ್ಯೆ ಕಡಿಮೆಯಾಗುವುದು ಇದರಿಂದಲೇ.

ಆಶ್ರಯದಲ್ಲಿ ಒಂದು ದಿನ ಇದ್ದು ಬಂದ ಮೇಲೆ ಅವರಿಗೆ ಬೇಕಾದ್ದರ ಪಟ್ಟಿಯನ್ನು ನನಗೆ ಕಳಿಸು. ಔಷಧಿಗಳಲ್ಲಿ ಯಾವುದು ಎಷ್ಟು ಬೇಕೆಂದು ನಾನು ನೋಡಿ ಹೇಳುತ್ತೇನೆ, ನಮ್ಮ ಮನೆಯ ಕಾಣಿಕೆಯನ್ನೂ ಆ ಟ್ರಸ್ಟಿನ ಖಾತೆಗೇ ಹಾಕುತ್ತೇನೆ.

ನಿನ್ನ ಪ್ರೀತಿಯ
ದೊಡ್ಡಪ್ಪ