ಹೆಣ್ಣುಮಕ್ಕಳ ಆಸ್ತಿಹಕ್ಕು: ಒಂದು ವಿವೇಚನೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ರಾಗಿ ರೇಷ್ಮೆಗಳ ಸೀಮೆ. ರೇಷ್ಮೆಹುಳು ಸಾಕುವ ಮನೆಯನ್ನು ಹೊಕ್ಕು ನೋಡಿದರೆ, ಹಿಪ್ಪುನೇರಳೆ ಸೊಪ್ಪನ್ನು ಬಿಡಿಸಿ ತರುವುದರಲ್ಲಿ, ಹೊತ್ತುಹೊತ್ತಿಗೆ ಹುಳುಗಳಿಗೆ ಮೇವು ಹಾಕುವುದರಲ್ಲಿ, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದರಲ್ಲಿ ಹೆಂಗಸರ ದುಡಿಮೆ ಎಷ್ಟೆಂಬುದು ತಿಳಿಯುತ್ತದೆ. ಆದರೆ ಅದೇ ಮನೆಯ ಜಮೀನಿನ ಪಹಣಿಯಲ್ಲಿರುವುದು ಬಹುಮಟ್ಟಿಗೆ ಗಂಡಸರ ಹೆಸರು. ದುಡಿಮೆಯಲ್ಲಿ ಪಾಲುಂಟು, ಒಡೆತನದಲ್ಲಿ ಪಾಲಿಲ್ಲ. ಈ ಅಂತರವನ್ನು ತುಂಬಲು ಕಾನೂನು ನಡೆಸಿರುವ ಯತ್ನವೇನು, ಇನ್ನೂ ಉಳಿದಿರುವ ಕೊರತೆಯೇನು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮಾನವ ಹಕ್ಕೆಂಬುದು ಯಾರೋ ದಯಪಾಲಿಸಿದ ವರವಲ್ಲ. ಮನುಷ್ಯರಾಗಿ ಹುಟ್ಟಿದ ಮಾತ್ರಕ್ಕೆ ಒದಗುವ ಅಧಿಕಾರ. ವಿಶ್ವಸಂಸ್ಥೆಯು 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರ ಕರಡಿನ ಮೊದಲನೆಯ ವಿಧಿಯಲ್ಲಿ ‘ಎಲ್ಲ ಪುರುಷರೂ’ ಎಂಬರ್ಥ ಬರುವ ಮಾತಿದ್ದಿತು. ಅದನ್ನು ‘ಎಲ್ಲ ಮಾನವರೂ’ ಎಂದು ತಿದ್ದಿಸಿದ ಕೀರ್ತಿ ಭಾರತದ ಪ್ರತಿನಿಧಿ ಹಂಸಾ ಮೆಹತಾ ಅವರಿಗೆ ಸಲ್ಲುತ್ತದೆ. ಆಸ್ತಿಯನ್ನು ಹೊಂದುವ ಹಕ್ಕು ಪ್ರತಿಯೊಬ್ಬರಿಗೂ ಉಂಟೆಂದು ಘೋಷಣೆಯ 17ನೆಯ ವಿಧಿ ಸಾರುತ್ತದೆ. ನಮ್ಮ ಸಂವಿಧಾನದ 14 ಮತ್ತು 15ನೆಯ ವಿಧಿಗಳು ಕಾನೂನಿನ ಮುಂದೆ ಸಮಾನತೆಯನ್ನು ವಿಧಿಸಿ, ಲಿಂಗದ ಕಾರಣದಿಂದ ರಾಜ್ಯವು ಭೇದವೆಣಿಸಬಾರದೆಂದು ಕಟ್ಟುಮಾಡಿವೆ.

ಸ್ತ್ರೀಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ನಿವಾರಿಸುವ ಅಂತರರಾಷ್ಟ್ರೀಯ ಒಡಂಬಡಿಕೆ 1979ರ ಡಿಸೆಂಬರ್ 18ರಂದು ಅಂಗೀಕೃತವಾಯಿತು. ಅದರ 14ನೆಯ ವಿಧಿ ಗ್ರಾಮೀಣ ಸ್ತ್ರೀಯರಿಗೇ ಮೀಸಲಾದುದು. ಕೃಷಿ ಸಾಲದ ಸೌಲಭ್ಯವನ್ನೂ ಭೂಸುಧಾರಣೆಯಲ್ಲಿ ಸಮಾನ ಪರಿಗಣನೆಯನ್ನೂ ಅದು ವಿಧಿಸುತ್ತದೆ. ಭಾರತವು 1993ರ ಜುಲೈ 9ರಂದು ಇದನ್ನು ಸ್ಥಿರೀಕರಿಸಿತು. ಆದರೆ ಯಾವುದೇ ಸಮುದಾಯದ ಆಂತರಿಕ ವಿಷಯಗಳಲ್ಲಿ ಆ ಸಮುದಾಯದ ಮುಂದೊಡಗು ಮತ್ತು ಒಪ್ಪಿಗೆಯಿಲ್ಲದೆ ಪ್ರವೇಶಿಸುವುದಿಲ್ಲವೆಂಬ ಹೇಳಿಕೆಯನ್ನೂ ಜೊತೆಗೆ ಸೇರಿಸಿತು. ಅಂದ ಮೇಲೆ ಸುಧಾರಣೆಯ ಹೊಣೆ ಸರ್ಕಾರದ ಮೇಲೆ ಮಾತ್ರವಲ್ಲ, ನಮ್ಮ ನಮ್ಮ ಮನೆಗಳ ಮೇಲೂ ಇದೆ.

ಈ ವಿಷಯದಲ್ಲಿ ಹಳೆಯ ಮೈಸೂರು ಸಂಸ್ಥಾನ ಹಿಂದೆ ಬಿದ್ದಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನ ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಆಸ್ತಿಹಕ್ಕನ್ನು ಕೊಟ್ಟ ಶಾಸನ ಬಂದದ್ದು ನಾಲ್ಕು ವರ್ಷಗಳ ತರುವಾಯ, 1937ರಲ್ಲಿ. ಅವಿಭಕ್ತ ಕುಟುಂಬದ ಆಸ್ತಿ ವಿಭಾಗವಾಗುವಾಗ ಮೈಸೂರಿನ ಶಾಸನದಂತೆ ಅವಿವಾಹಿತ ಮಗಳಿಗೆ ಸಹೋದರನ ಪಾಲಿನ ನಾಲ್ಕನೆಯ ಒಂದು ಭಾಗ ದೊರೆಯುತ್ತಿದ್ದಿತು. ಅಣ್ಣನಿಗೆ ನಾಲ್ಕು ಎಕರೆ ಬಂದರೆ ತಂಗಿಗೆ ಒಂದು ಎಕರೆ. ಅದು ಸಮಾನತೆಯಲ್ಲ, ಆದರೂ ಏನೂ ಇಲ್ಲದ ಕಡೆ ಮೂಡಿದ ಮೊದಲ ಹೆಜ್ಜೆ.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತನ್ನ ವ್ಯಾಪ್ತಿಗೆ ಸೇರಿದವರಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಹೇಳಿದೆ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗ ಮಗಳಿಬ್ಬರನ್ನೂ ಅದು ಸಮಾನ ವಾರಸುದಾರರನ್ನಾಗಿ ಮಾಡಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಾತ್ರ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಲ್ಲಿಯೇ ಉಳಿಯಿತು. ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೂ ತೊಡೆದುಹಾಕಿತು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ತಾಯಿ ಇಲ್ಲದ ಮನೆಯಲ್ಲಿ ಒಬ್ಬ ಮಗ, ಒಬ್ಬ ಮಗಳು. ಪಿತ್ರಾರ್ಜಿತ ಜಮೀನು ಹನ್ನೆರಡು ಎಕರೆ. ತಂದೆ ಉಯಿಲು ಬರೆಯದೆ ತೀರಿಕೊಂಡನೆನ್ನೋಣ. 1956ರ ನಿಯಮದಂತೆ ತಂದೆಗೆ ಆರು, ಮಗನಿಗೆ ಆರು ಎಂದು ಮೊದಲು ಭಾಗಿಸಿ, ತಂದೆಯ ಆರನ್ನು ಇಬ್ಬರಿಗೂ ಹಂಚಬೇಕು. ಮಗನಿಗೆ ಒಟ್ಟು ಒಂಬತ್ತು, ಮಗಳಿಗೆ ಮೂರು. ಈಗಿನ ನಿಯಮದಂತೆ ಮೂವರಿಗೂ ತಲಾ ನಾಲ್ಕು; ತಂದೆಯ ನಾಲ್ಕನ್ನು ಹಂಚಿದಾಗ ಇಬ್ಬರಿಗೂ ಆರಾರು.

ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಬೇಕೆ ಎಂಬ ಸಂದೇಹ ಬಹುಕಾಲ ಉಳಿದಿತ್ತು. ಕರ್ನಾಟಕದಿಂದಲೇ ಹೋದ ಎರಡು ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಒಂದು ಬಗೆಯಾಗಿಯೂ 2018ರಲ್ಲಿ ಇನ್ನೊಂದು ಬಗೆಯಾಗಿಯೂ ಹೇಳಿದ್ದಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ತಂದೆ ಆ ದಿನ ಬದುಕಿರಬೇಕಾದ ಅಗತ್ಯವಿಲ್ಲವೆಂದೂ ತೀರ್ಮಾನಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ನಡೆದುಹೋದ ವಿಭಾಗಗಳು ಇದರಿಂದ ಕೆಡುವುದಿಲ್ಲ.

ಶಾಸನ ಇಷ್ಟು ಸ್ಪಷ್ಟವಾಗಿದ್ದರೂ ಆಚರಣೆ ಬೇರೆಯೇ ಆಗಿದೆ. ತಂದೆ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆಂದು ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟುಹೋಗುವುದುಂಟು. ಇಲ್ಲವೇ ಅಕ್ಕತಂಗಿಯರನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಕರೆತಂದು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸುತ್ತಾರೆ. ಬೆಂಗಳೂರಿನ ಬೆಳವಣಿಗೆಯಿಂದ ನಮ್ಮ ಸೀಮೆಯ ಜಮೀನಿನ ಬೆಲೆ ಏರಿದಂತೆಲ್ಲ ಆ ರುಜುವಿನ ಬೆಲೆಯೂ ಏರಿದೆ. ಹಾಕುವವಳಿಗೆ ಮಾತ್ರ ಅದು ತಿಳಿದಿರುವುದಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ. ಗೌರಿಹಬ್ಬದ ಬಾಗಿನಕ್ಕೆ ಕರೆಯುವವರು ಇಲ್ಲದಂತಾದೀತೆಂಬ ಅಳುಕು.

ಅಣ್ಣತಮ್ಮಂದಿರ ವಾದವನ್ನೂ ನಾವು ತಳ್ಳಿಹಾಕಲಾಗದು. ತಂದೆತಾಯಿಗಳ ಮುಪ್ಪಿನಲ್ಲಿ ಜೊತೆಗಿದ್ದವರು ನಾವು, ಸಾಲ ತೀರಿಸಿದವರು ನಾವು, ತಂಗಿಯ ಮದುವೆ ಮಾಡಿದವರು ನಾವು ಎನ್ನುತ್ತಾರೆ. ಅದರಲ್ಲಿ ಸತ್ಯವುಂಟು. ಆದರೆ ಲೆಕ್ಕ ನೋಡುವುದಾದರೆ ಇಬ್ಬರ ಲೆಕ್ಕವನ್ನೂ ನೋಡಬೇಕು: ಮದುವೆಯವರೆಗೆ ಸೊಪ್ಪು ಹೊತ್ತ ಮಗಳ ಕೂಲಿಯನ್ನು ಬರೆದಿಟ್ಟವರಾರು? ಕಾನೂನು ಮಗಳಿಗೆ ಹಕ್ಕಿನ ಜೊತೆಗೆ ಕುಟುಂಬದ ಹೊಣೆಗಳನ್ನೂ ಮಗನಂತೆಯೇ ವಿಧಿಸಿದೆ. ಜಮೀನು ತುಂಡಾಗಬಾರದೆಂದರೆ ಪಾಲಿನ ಬೆಲೆಯನ್ನು ಹಣವಾಗಿ ಕೊಡಲೂಬಹುದು. ಮಗಳು ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ಔದಾರ್ಯ. ತಿಳಿಯದೆ ಹಾಕಿದ ರುಜು ಔದಾರ್ಯವೆನಿಸಲಾರದು. ವಂಚನೆಯಿಂದಾಗಲಿ ಒತ್ತಾಯದಿಂದಾಗಲಿ ಪಡೆದ ಪತ್ರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.

ಆದುದರಿಂದ ವಿದ್ಯಾರ್ಥಿನಿಯರು ಮೂರು ವಿಷಯಗಳನ್ನು ನೆನಪಿಡಬೇಕು. ಮನೆಯ ವಂಶವೃಕ್ಷದಲ್ಲಿ ತಮ್ಮ ಹೆಸರು ಇರುವಂತೆ ನೋಡಿಕೊಳ್ಳಬೇಕು. ಓದದೆ, ಓದಿಸಿ ಕೇಳದೆ ಯಾವ ಪತ್ರಕ್ಕೂ ರುಜು ಹಾಕಬಾರದು. ಸಂದೇಹ ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. 1987ರ ಶಾಸನದಂತೆ ಸ್ತ್ರೀಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಲಭ್ಯವಿದೆ. ವಿದ್ಯಾರ್ಥಿಗಳು ನೆನಪಿಡಬೇಕಾದುದು ಒಂದೇ: ನಾಳೆ ಆ ಪತ್ರವನ್ನು ಅಕ್ಕನ ಮುಂದೆ ಹಿಡಿಯುವವರು ತಾವೇ ಆಗಬಹುದು.

ಹನ್ನೆರಡನೆಯ ಶತಮಾನದ ಶರಣರು ಹೆಣ್ಣಿಗೂ ಇಷ್ಟಲಿಂಗ ದೀಕ್ಷೆಯನ್ನಿತ್ತು ಸಮಾನಳೆಂದು ಕಂಡರು. ಪೂಜೆಯಲ್ಲಿ ಸಮಾನಳಾದವಳು ಪಹಣಿಯಲ್ಲಿ ಅನ್ಯಳಾಗುವುದು ನಮಗೆ ಶೋಭಿಸದು. ಹಕ್ಕನ್ನು ಬೇಡಿದ ಮಗಳಿಗೂ ತವರಿನ ಬಾಗಿಲು ತೆರೆದೇ ಇರುವ ದಿನ, ಕಾನೂನಿನ ಮಾತು ನಮ್ಮ ಮನೆಯ ಮಾತಾದೀತು.