ಬದುಕನ್ನು ಬರೆಯುವುದು: ಅನುಭವಿಸಿದವನು, ಹೇಳುವವನು

ಆತ್ಮಕಥೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಎಪ್ಪತ್ತು ದಾಟಿದ ಹಿರಿಯರು, ದಪ್ಪನೆಯ ಪುಸ್ತಕ. "ನಮಗೇನಿದೆ ಬರೆಯೋಕೆ? ಲೋಕಲ್ ಗಾಡಿ, ಕ್ಲಾಸು, ಪರೀಕ್ಷೆ, ಅಷ್ಟೇ ತಾನೆ?" ಅಂತ ಗೆಳೆಯರು ಕೇಳುವುದುಂಟು. ಸಾಧನೆಗಳ ಪಟ್ಟಿ ಕೊಡುವುದೇ ಆತ್ಮಕಥೆಯಾದರೆ ಈ ಮಾತು ಸರಿ. ಆದರೆ ಒಳ್ಳೆಯ ಆತ್ಮಕಥೆ ಮಾಡುವ ಕೆಲಸವೇ ಬೇರೆ. ಅದು ಒಬ್ಬನನ್ನೇ ಇಬ್ಬರನ್ನಾಗಿ ಮಾಡುತ್ತದೆ: ಅನುಭವಿಸಿದವನು ಒಬ್ಬ, ಹೇಳುವವನು ಇನ್ನೊಬ್ಬ.

ನಮ್ಮ ಮುಂಬಯಿಯದೇ ಉದಾಹರಣೆ ನೋಡೋಣ. ದಯಾ ಪವಾರರ 'ಬಲುತ' 1978ರಲ್ಲಿ ಪ್ರಕಟವಾಯಿತು. ಮರಾಠಿಯ ದಲಿತ ಆತ್ಮಕಥೆಗಳಿಗೆ ದಾರಿ ತೆರೆದ ಕೃತಿ ಅದು. ಊರ ಚಾಕರಿಗೆ ಪ್ರತಿಯಾಗಿ ಸುಗ್ಗಿಯಲ್ಲಿ ಸಿಗುವ ಧಾನ್ಯದ ಪಾಲೇ ಬಲುತ. ನಮ್ಮ ಹಳ್ಳಿಗಳ 'ಆಯ'ದ ಹಾಗೆ. ಈ ಪುಸ್ತಕದಲ್ಲಿ ದಗಡು ಎಂಬವನು ದಯಾ ಪವಾರನಿಗೆ ತನ್ನ ಕಥೆ ಹೇಳುತ್ತಾನೆ. ದಗಡು ಯಾರು? ಅದೇ ಲೇಖಕನ ಹುಟ್ಟುಹೆಸರು! ಊರಿನ ಅವಮಾನವನ್ನೂ ಮುಂಬಯಿಯ ಕಾವಾಖಾನಾದ ಇಕ್ಕಟ್ಟನ್ನೂ ಉಂಡವನು ದಗಡು. ಕೂತು ಕೇಳಿ ಬರೆದವನು ದಯಾ.

ಈ ಅಂತರದಿಂದ ಏನು ಲಾಭ? ಅನುಭವಿಸುವಾಗ ದಗಡುವಿನ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಹೇಳುವವನಿಗೆ ಮಾತ್ರ ಆಯ್ಕೆ ಇದೆ: ಎಲ್ಲಿಂದ ಶುರು ಮಾಡಲಿ, ಇದಕ್ಕೆ ಕಾರಣ ಏನು, ಎಲ್ಲಿ ನಿಲ್ಲಿಸಲಿ? ನೋವು ಕರಗುವುದಿಲ್ಲ, ಆದರೆ ಅದಕ್ಕೊಂದು ಆಕಾರ ಬರುತ್ತದೆ. ಆಕಾರ ಬಂದದ್ದನ್ನು ಇನ್ನೊಬ್ಬರ ಮುಂದೆ ಇಡಬಹುದು.

ಇನ್ನು ಆನ್ ಫ್ರಾಂಕ್. 1942ರ ಜೂನ್ 12, ಹದಿಮೂರನೆಯ ಹುಟ್ಟುಹಬ್ಬಕ್ಕೆ ದಿನಚರಿ ಪುಸ್ತಕ ಸಿಕ್ಕಿತು. ಯುದ್ಧ ಮುಗಿದ ಮೇಲೆ ಜನರ ದಿನಚರಿ, ಪತ್ರಗಳನ್ನು ಸಂಗ್ರಹಿಸಬೇಕು ಎಂಬ ಮಾತನ್ನು 1944ರ ಮಾರ್ಚ್‌ನಲ್ಲಿ ಅಡಗುದಾಣದ ರೇಡಿಯೋದಲ್ಲಿ ಕೇಳಿದಳು. ಮೇ ತಿಂಗಳಿಂದ ಹಳೆಯ ಪುಟಗಳನ್ನೆಲ್ಲ ತಿದ್ದಿ ಮತ್ತೆ ಬರೆಯತೊಡಗಿದಳು. ಆಗಸ್ಟ್ 4ರಂದು ಬಂಧನವಾಯಿತು. 1945ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ತೀರಿಕೊಂಡಳು. ಬರವಣಿಗೆ ಅವಳ ಪ್ರಾಣ ಉಳಿಸಲಿಲ್ಲ. ಇದನ್ನು ಮರೆಮಾಚಬಾರದು. ಆದರೆ ಆ ಕೆಲವು ವಾರ ಅವಳಿಗೊಂದು ಕೆಲಸವಿತ್ತು, ನಾಳೆ ಓದುವವರಿದ್ದಾರೆ ಎಂಬ ಭರವಸೆಯಿತ್ತು. ಆಶೆ ಎಂದರೆ ಬಹುಶಃ ಇಷ್ಟೇ.

ಮನಶ್ಶಾಸ್ತ್ರವೂ ಇದನ್ನು ಪರೀಕ್ಷಿಸಿದೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 46 ಮಂದಿ ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿ, 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಿನ ಘಟನೆ, ಆಗಿನ ಭಾವನೆ ಎರಡನ್ನೂ ಬರೆದವರು ಬರೆದ ಕೂಡಲೇ ಇನ್ನಷ್ಟು ಕುಗ್ಗಿದರು. ಆದರೆ ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. "ಯಾಕೆಂದರೆ", "ಈಗ ತಿಳಿಯಿತು" ಎಂಬಂಥ ಮಾತುಗಳು ದಿನದಿಂದ ದಿನಕ್ಕೆ ಹೆಚ್ಚಿದವರಿಗೇ ಪ್ರಯೋಜನ ಜಾಸ್ತಿ ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಸರಾಸರಿ ಪರಿಣಾಮ ಸಣ್ಣದೇ. ಆದರೂ ಅದು ದಗಡು-ದಯಾ ಮಾತುಕತೆಗೆ ಎಷ್ಟು ಹತ್ತಿರ ನೋಡಿ!

ಹಾಗಂತ ಅತ್ತುಕೊಂಡೇ ಬರೆಯಬೇಕೆಂದಿಲ್ಲ. ಸಿದ್ಧಲಿಂಗಯ್ಯನವರ 'ಊರು ಕೇರಿ' ಓದಿ: ಬಡತನ, ಹಸಿವು ಎಲ್ಲ ಅಲ್ಲಿದೆ, ಪುಟಪುಟಕ್ಕೂ ನಗುವೂ ಇದೆ. ಆ ನಗೆಯೂ ದೂರ ನಿಂತು ನೋಡುವ ಒಂದು ಬಗೆಯೇ.

ಈಗ ಅಭ್ಯಾಸ. ನಾಲ್ಕು ದಿನ, ದಿನಕ್ಕೆ ಕಾಲು ಗಂಟೆ.

ಮೊದಲ ದಿನ: ಒಂದೇ ಘಟನೆ. ಜಾಗ, ಹೊತ್ತು, ಯಾರು ಏನಂದರು, ಅಷ್ಟು ಮಾತ್ರ.
ಎರಡನೆಯ ದಿನ: ಆಗ ನಿಮಗೆ ಏನನ್ನಿಸಿತು?
ಮೂರನೆಯ ದಿನ: ಯಾಕೆ ಹಾಗಾಯಿತು?
ನಾಲ್ಕನೆಯ ದಿನ: "ನಾನು" ತೆಗೆದು "ಅವನು" ಅಥವಾ "ಅವಳು" ಹಾಕಿ, ಮೊದಲಿಂದ ಮತ್ತೆ ಬರೆಯಿರಿ.

ಭಾಷೆ ಶುದ್ಧವಾಗಿಲ್ಲ ಎಂಬ ಹೆದರಿಕೆ ಬೇಡ. ಅಮ್ಮ ತುಳುವಿನಲ್ಲಿ ಬೈದಿದ್ದರೆ ಬೈಗುಳ ತುಳುವಿನಲ್ಲೇ ಇರಲಿ. ಚಾಳಿನ ಮಾತು ಮರಾಠಿಯಾದರೆ ಮರಾಠಿಯಲ್ಲೇ ಬರಲಿ. ಬರೆಯುತ್ತಾ ಎದೆ ಭಾರವಾಗಿ ತಡೆಯದಾದರೆ ಪೆನ್ನು ಕೆಳಗಿಡಿ, ನಂಬಿದವರೊಬ್ಬರ ಹತ್ತಿರ ಮಾತಾಡಿ. ಬರೆದದ್ದನ್ನು ಯಾರಿಗೂ ತೋರಿಸಲೇಬೇಕೆಂದಿಲ್ಲ. ತೋರಿಸಬೇಕು ಅನ್ನಿಸಿದರೆ, ಕೇಳೋಕೆ ನಮ್ಮ ಸಂಘದ ಗೆಳೆಯರಿದ್ದಾರೆ.